ಬಂಡಿ ಬಿಡೋ ಜಾಗ

ಚಾರಣಕ್ಕೆ ಹೊರಡೋ ಮುಂಚೆ ನಾವು ಎಲ್ಲವನ್ನೂ ವಿಚಾರಿಸ್ತೀವಿ. ಎಷ್ಟು ಕಿಲೋಮೀಟರ್ ಹತ್ತಬೇಕು, ಜಿಗಣೆ ಇದೆಯಾ, ನೀರು ಎಲ್ಲಿ ಸಿಗುತ್ತೆ, ಫಾರೆಸ್ಟ್ ಗೇಟು ಎಷ್ಟೊತ್ತಿಗೆ ತೆಗೀತಾರೆ. ಕೊನೇಲಿ ನೆನಪಾಗೋ ಪ್ರಶ್ನೆ ಒಂದಿದೆ: ಗಾಡಿ ಎಲ್ಲಿ ನಿಲ್ಲಿಸೋದು? ಜಯನಗರದಿಂದಲೋ ಬಿಟಿಎಂನಿಂದಲೋ ನಡುರಾತ್ರಿ ಹೊರಟು ಬೆಳಗಿನ ಜಾವ ಬೆಟ್ಟದ ಬುಡ ಸೇರಿದಾಗ ಎದುರಿಗಿರೋದು ಒಂದು ಟ್ರ್ಯಾಕ್ಟರ್ ಹೋಗುವಷ್ಟೇ ಅಗಲದ ಊರ ರಸ್ತೆ. ಅದರ ಎರಡೂ ಬದಿಗೆ ಆಗಲೇ ಕಾರುಗಳ ಸಾಲು. ಯಾರದೋ ಹೊಲದ ಬದುವಿನ ಮೇಲೆ ಎರಡು ಚಕ್ರ ಹತ್ತಿಸಿ, ಹ್ಯಾಂಡ್‌ಬ್ರೇಕ್ ಎಳೆದು, ನಾವು ಬೆಟ್ಟ ಹತ್ತಿಬಿಡ್ತೀವಿ. ಆ ಹೊಲದವರು ಬೆಳಿಗ್ಗೆ ಏಳು ಗಂಟೆಗೆ ಹಾಲಿನ ಕ್ಯಾನು ಹಿಡಿದು ಡೇರಿಗೆ ಹೇಗೆ ಹೋಗ್ತಾರೆ ಅನ್ನೋದು ನಮ್ಮ ಪ್ಲಾನಿನಲ್ಲಿ ಇರೋದಿಲ್ಲ.

ಇದು ಕಾರು ಬಂದ ಮೇಲೆ ಹುಟ್ಟಿದ ತಲೆನೋವು ಅಂತ ಅನ್ನಿಸುತ್ತೆ. ಆದರೆ ಪ್ರಶ್ನೆ ಬಹಳ ಹಳೇದು. ದೂರ ಹೋಗೋರು ತಮ್ಮ ಬಂಡಿಯನ್ನ, ಎತ್ತನ್ನ, ಹೊರೆಯನ್ನ ಎಲ್ಲಿ ಇಳಿಸಬೇಕು? ಈ ನಾಡು ಇದಕ್ಕೆ ಒಂದಲ್ಲ, ಹಲವು ಸಲ ಉತ್ತರ ಕಂಡುಕೊಂಡಿತ್ತು. ನಮ್ಮ ಕಾಲದಲ್ಲಿ ಮಾತ್ರ ಯಾರೂ ಉತ್ತರ ಕೊಟ್ಟಿಲ್ಲ ಅನ್ನೋದು ನನ್ನ ತಕರಾರು.

ಜಯನಗರದ ಅಶೋಕ ಪಿಲ್ಲರ್‌ನಿಂದಲೇ ಶುರುಮಾಡೋಣ. 1948ರಲ್ಲಿ ಜಯನಗರ ಬಡಾವಣೆಗೆ ಅಡಿಗಲ್ಲು ಬಿದ್ದ ಕಾಲದ ಕಂಬ ಅದು. ಅದನ್ನ ಸುತ್ತಿಕೊಂಡು ದಿನಾ ಆಫೀಸಿಗೆ ಹೋಗೋ ನಮ್ಮಲ್ಲಿ ಎಷ್ಟು ಜನಕ್ಕೆ ಅಶೋಕ ರಸ್ತೆಯ ಬಗ್ಗೆ ಏನು ಹೇಳಿದ್ದ ಅಂತ ಗೊತ್ತಿದೆಯೋ ಕಾಣೆ. ತನ್ನ ಎರಡನೇ ಬಂಡೆಗಲ್ಲು ಶಾಸನದಲ್ಲಿ ಅವನು ದಾರಿಗಳ ಪಕ್ಕ ಬಾವಿ ತೋಡಿಸಿದ್ದು, ಮರ ನೆಡಿಸಿದ್ದು ಹೇಳಿಕೊಳ್ತಾನೆ. ಯಾರಿಗಾಗಿ? ಮನುಷ್ಯರಿಗೆ ಮತ್ತು ಪ್ರಾಣಿಗಳಿಗೆ. ಆ ‘ಪ್ರಾಣಿಗಳಿಗೆ’ ಅನ್ನೋ ಮಾತನ್ನ ಬರೀ ದಯೆ ಅಂತ ಓದಿದರೆ ಅರ್ಧ ಮಾತ್ರ ಓದಿದ ಹಾಗೆ. ಅವತ್ತಿನ ಪ್ರಾಣಿ ಅಂದರೆ ವಾಹನ. ಬಾವಿ ಅಂದರೆ ಅದರ ಪೆಟ್ರೋಲ್ ಬಂಕು. ಮರದ ನೆರಳು ಅಂದರೆ ಪಾರ್ಕಿಂಗು.

ಎರಡು ಸಾವಿರ ವರ್ಷ ದಾಟಿ ಬಂದರೂ ಚಿತ್ರ ಹೆಚ್ಚು ಬದಲಾಗಿರಲಿಲ್ಲ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಮದ್ರಾಸಿನಿಂದ ಹೊರಟು ಮೈಸೂರು ಸೀಮೆಯೆಲ್ಲ ಸುತ್ತಿದ. ಬೆಂಗಳೂರಿನ ವ್ಯಾಪಾರದ ವಿವರ ಬರೆಯುವಾಗ ಅವನು ಸರಕಿಗೆ ಕೊಡೋ ಲೆಕ್ಕ ಎತ್ತಿನ ಹೇರುಗಳದ್ದು. ಬಂಡಿ ಓಡುವಂಥ ರಸ್ತೆ ಕಡಿಮೆ, ಘಟ್ಟ ಇಳಿಯೋಕಂತೂ ಹೇರೆತ್ತೇ ಗತಿ. ಆಮೇಲೆ 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕಾಲದಲ್ಲಿ ನೂರಾರು ಮೈಲಿ ರಸ್ತೆಯಾಯ್ತು, ಸೇತುವೆಗಳಾದವು, ಘಟ್ಟದ ದಾರಿಗಳನ್ನ ಬಂಡಿ ಇಳಿಯುವ ಹಾಗೆ ಅಗಲ ಮಾಡಿದರು. ಹೇರೆತ್ತಿನ ಕಾಲ ಹೋಗಿ ಎತ್ತಿನ ಬಂಡಿಯ ಕಾಲ ಬಂತು.

ಬಂಡಿಗೆ ನಿಲ್ಲೋಕೆ ಜಾಗ ಬೇಕು. ಎತ್ತು ಕೀ ತಿರುಗಿಸಿ ನಿಲ್ಲಿಸೋ ಯಂತ್ರ ಅಲ್ಲ. ನೊಗ ಕಳಚಿದ ಮೇಲೆ ಅದಕ್ಕೆ ನೀರು, ಹುಲ್ಲು, ನೆರಳು ಬೇಕು. ಬಂಡಿಯವನಿಗೆ ಮೂರು ಕಲ್ಲು ಹೂಡಿ ಮುದ್ದೆ ಬೇಯಿಸಿಕೊಳ್ಳೋಕೆ ಪುರಳೆ ಬೇಕು. ಇಷ್ಟನ್ನೂ ಒಂದೇ ಕಡೆ ಕೊಡುತ್ತಿದ್ದದ್ದು ಗುಂಡುತೋಪು. ಹಳೇ ಮೈಸೂರಿನ ಊರುಗಳ ಅಂಚಲ್ಲಿ, ಸಾಮಾನ್ಯವಾಗಿ ಕೆರೆಯ ಹತ್ತಿರವೋ ರಸ್ತೆಯ ಪಕ್ಕದಲ್ಲೋ, ಮಾವು, ಹಲಸು, ನೇರಳೆ, ಹುಣಸೆ, ಹೊಂಗೆ ಮರಗಳ ತೋಪು. ಹಣ್ಣು ಊರಿಗೆ, ನೆರಳು ದಾರಿಹೋಕರಿಗೆ. ಸಂತೆಗೆ ಹೋಗೋ ಬಂಡಿಗಳು, ಜಾತ್ರೆಗೆ ಹೋಗೋ ಬಂಡಿಗಳು ಅಲ್ಲಿ ಬಿಡುತ್ತಿದ್ದವು. ಜಾಗ ಯಾರೊಬ್ಬರದ್ದೂ ಅಲ್ಲ, ಊರಿನದ್ದು. ಬೇಸಿಗೆಯಲ್ಲಿ ದಾರಿ ಪಕ್ಕ ಅರವಟ್ಟಿಗೆ, ಅಲ್ಲಿ ನೀರು ಮಜ್ಜಿಗೆ. ಸ್ವಲ್ಪ ದೊಡ್ಡ ಊರಾದರೆ ಛತ್ರ. ತಲೆಹೊರೆಯವರಿಗೆ ಅಲ್ಲಲ್ಲಿ ಎದೆಯೆತ್ತರದ ಕಲ್ಲು: ಯಾರ ಸಹಾಯವೂ ಇಲ್ಲದೆ ಹೊರೆ ಇಳಿಸಿ ಮತ್ತೆ ಹೊತ್ತುಕೊಳ್ಳೋಕೆ.

ಇದನ್ನೆಲ್ಲ ‘ಆ ಕಾಲದವರು ಎಷ್ಟು ಒಳ್ಳೆಯವರು’ ಅಂತ ಕಣ್ಣೀರು ಹಾಕೋಕೆ ಹೇಳುತ್ತಿಲ್ಲ. ಆ ಛತ್ರಗಳಲ್ಲಿ ಎಲ್ಲ ಜಾತಿಯವರಿಗೂ ಜಾಗ ಇರಲಿಲ್ಲ ಅನ್ನೋದೂ ಇತಿಹಾಸವೇ. ನಾನು ಹೇಳ್ತಿರೋದು ವ್ಯವಸ್ಥೆಯ ಮಾತು. ವಾಹನ ಬದಲಾದಾಗೆಲ್ಲ ಅದು ನಿಲ್ಲೋ ಜಾಗವೂ ಬದಲಾಗುತ್ತಿತ್ತು. ರೈಲು 1864ರಲ್ಲಿ ಬೆಂಗಳೂರಿಗೆ ಬಂತು. ದಾರಿಹೋಕರು ಈಗ ಕೆರೆ ಏರಿಯ ಮೇಲೆ ಅಲ್ಲ, ರೈಲ್ವೆ ಸ್ಟೇಷನ್ನಿನಲ್ಲಿ ಇಳಿಯೋಕೆ ಶುರು ಮಾಡಿದರು. ಅದನ್ನ ಗಮನಿಸಿದ ಗುಬ್ಬಿ ತೋಟದಪ್ಪನವರು ಸ್ಟೇಷನ್ನಿನ ಹತ್ತಿರವೇ ಛತ್ರ ಕಟ್ಟಿಸಿದರು. 1903ರಲ್ಲಿ ಶುರುವಾದ ಆ ಛತ್ರ ಇವತ್ತಿಗೂ ಇದೆ. ಮೋಟಾರು ಬಸ್ಸು ಬಂದಾಗ ಬಸ್ ಸ್ಟ್ಯಾಂಡ್ ಬಂತು. ಕಾರು ಬಂದಾಗ? ಪಟ್ಟಣದಲ್ಲಿ ಪಾರ್ಕಿಂಗ್ ಕಟ್ಟಡ ಬಂತು ಅಂತಿಟ್ಟುಕೊಳ್ಳೋಣ. ಬೆಟ್ಟದ ಬುಡದಲ್ಲಿ ಏನೂ ಬರಲಿಲ್ಲ. ಅಷ್ಟೇ ಅಲ್ಲ, ಮುಂಚೆ ಇದ್ದದ್ದೂ ಹೋಯ್ತು.

ಹೇಗೆ ಹೋಯ್ತು ಅಂತ ನೋಡೋಕೆ ನಮ್ಮ ದಕ್ಷಿಣ ಬೆಂಗಳೂರಿಗಿಂತ ಒಳ್ಳೇ ಉದಾಹರಣೆ ಬೇಕಿಲ್ಲ. ಬಿಟಿಎಂ ಅಂದರೆ ಭೈರಸಂದ್ರ, ತಾವರೆಕೆರೆ, ಮಡಿವಾಳ; ಮೂರು ಹಳ್ಳಿಗಳ ಹೆಸರು ಮೂರು ಅಕ್ಷರಕ್ಕೆ ಇಳಿದಿದೆ. ಜೆ.ಪಿ. ನಗರದ ಕೆಳಗೆ ಸಾರಕ್ಕಿ, ಪುಟ್ಟೇನಹಳ್ಳಿ. ಸೌತ್ ಎಂಡ್ ಸರ್ಕಲ್ ಅನ್ನೋ ಹೆಸರೇ ಹೇಳುತ್ತೆ, ಊರು ಅಲ್ಲಿಗೆ ಮುಗೀತಿತ್ತು. 1915ರಲ್ಲಿ ಬನಶಂಕರಿ ದೇವಸ್ಥಾನ ಕಟ್ಟಿದಾಗ ಅದು ಊರಾಚೆಯ ಗುಡಿ. ಈ ಹಳ್ಳಿಗಳ ಮೇಲೆ ಬಡಾವಣೆ ಎದ್ದಾಗ ಮನೆಗೆ ಸೈಟು ಬಂತು, ಪಾರ್ಕು ಬಂತು. ಗುಂಡುತೋಪು, ಗೋಮಾಳ, ಬಂಡಿ ದಾರಿ ಇವೆಲ್ಲ ಕರಗಿಹೋದವು. ಬೆಂಗಳೂರಿನ ಸುತ್ತಲಿನ ಗುಂಡುತೋಪುಗಳ ಬಗ್ಗೆ ಹರಿಣಿ ನಾಗೇಂದ್ರ, ಸೀಮಾ ಮುಂಡೋಳಿ ಮತ್ತು ಅವರ ಸಂಗಡಿಗರು ಕ್ಷೇತ್ರಕಾರ್ಯ ಮಾಡಿ ಬರೆದಿದ್ದಾರೆ. ತೋಪು ಇದ್ದ ಕಡೆ ಈಗ ಸರ್ಕಾರಿ ಕಟ್ಟಡ, ಮನೆ, ರಸ್ತೆ ಬಂದಿರೋ ಕತೆ ಅಲ್ಲಿ ಮತ್ತೆ ಮತ್ತೆ ಬರುತ್ತೆ.

ಇಲ್ಲಿ ಒಂದು ಸಣ್ಣ ತಾಂತ್ರಿಕ ವಿಷಯ ಹೇಳಲೇಬೇಕು, ಯಾಕಂದ್ರೆ ಇಡೀ ಜಗಳ ನಿಂತಿರೋದು ಅದರ ಮೇಲೆ. ಕರ್ನಾಟಕದ ಪ್ರತಿ ಕಂದಾಯ ಗ್ರಾಮಕ್ಕೂ ಒಂದು ನಕಾಶೆ ಇದೆ. ಅದರಲ್ಲಿ ಒಂಟಿ ಚುಕ್ಕಿಗೆರೆ ಇದ್ದರೆ ಕಾಲುದಾರಿ, ಜೋಡಿ ಚುಕ್ಕಿಗೆರೆ ಇದ್ದರೆ ಬಂಡಿ ದಾರಿ. ಹಳ್ಳಿಯಲ್ಲಿ ದಾರಿ ಜಗಳವಾದಾಗ ಹಿರಿಯರು ಕೇಳೋ ಮೊದಲ ಪ್ರಶ್ನೆ, ‘ಅದು ನಕಾಶೆ ಕಂಡ ದಾರಿಯಾ?’ ಅಂತ. ನಕಾಶೆಯಲ್ಲಿ ಕಂಡರೆ ಅದು ಸಾರ್ವಜನಿಕರದ್ದು, ಬೇಲಿ ಹಾಕೋ ಹಾಗಿಲ್ಲ. ಕಾಣದಿದ್ದರೆ ನೂರು ವರ್ಷದಿಂದ ಜನ ನಡೆದಿದ್ದರೂ ಅದನ್ನ ಸಾಬೀತು ಮಾಡೋಕೆ ಕೋರ್ಟಿಗೆ ಅಲೆಯಬೇಕು. ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಬಳಕೆಯ ಜಾಗವನ್ನ ದಾಖಲೆಯಲ್ಲಿ ‘ಬಿ ಖರಾಬು’ ಅಂತ ಬೇರೆ ಇಡ್ತಾರೆ. ಸೈಟು ಕೊಳ್ಳುವಾಗ ನಾವು ‘ದಿಶಾಂಕ್’ ಆ್ಯಪ್ ತೆಗೆದು ಸರ್ವೆ ನಂಬರ್ ನೋಡ್ತೀವಲ್ಲ, ಚಾರಣಕ್ಕೆ ಹೋಗೋ ಊರಿನದ್ದನ್ನೂ ಒಂದು ಸಲ ನೋಡಿ. ನಾವು ‘ಟ್ರೇಲ್’ ಅನ್ನೋದು ಅಲ್ಲಿನವರಿಗೆ ದನ ಹೊಡ್ಕೊಂಡು ಹೋಗೋ ದಾರಿ ಅನ್ನೋದು ಆಗ ಅರ್ಥವಾಗುತ್ತೆ.

ಇಂಗ್ಲೆಂಡಿನಲ್ಲೂ ಜಗಳ ಇದೇ ಆಗಿತ್ತು. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್ ಕಡೆಯ ನೂರಾರು ಯುವ ಕಾರ್ಮಿಕರು ಕಿಂಡರ್ ಸ್ಕೌಟ್ ಅನ್ನೋ ಗುಡ್ಡಕ್ಕೆ, ಜಮೀನ್ದಾರರ ನಿಷೇಧ ಮೀರಿ, ಒಟ್ಟಿಗೆ ಹತ್ತಿದರು. ಕೆಲವರು ಜೈಲಿಗೂ ಹೋದರು. 1949ರಲ್ಲಿ ಅಲ್ಲಿ ಬಂದ ಕಾನೂನು ಕೌಂಟಿ ಕೌನ್ಸಿಲ್‌ಗಳಿಗೆ ಒಂದು ಕೆಲಸ ವಹಿಸಿತು: ಸಾರ್ವಜನಿಕ ಕಾಲುದಾರಿಗಳನ್ನೆಲ್ಲ ಗುರುತಿಸಿ ಅಧಿಕೃತ ನಕ್ಷೆ ಮಾಡಿ. ಅಂದರೆ ಅವರದೂ ‘ನಕಾಶೆ ಕಂಡ ದಾರಿ’ಯೇ. 1965ರಲ್ಲಿ ಅವರ ಮೊದಲ ದೂರದ ಕಾಲುದಾರಿ ಪೆನೈನ್ ವೇ ಶುರುವಾಯ್ತು. ಅದು ಹೊರಡೋ ಈಡೇಲ್ ಅನ್ನೋ ಹಳ್ಳಿಯಲ್ಲಿ ರೈಲ್ವೆ ಸ್ಟೇಷನ್ ಇದೆ. ಕಾರಿಲ್ಲದವರೂ ಸೀದಾ ರೈಲಿಳಿದು ನಡೆಯೋಕೆ ಶುರು ಮಾಡಬಹುದು. ದಾರಿಯ ಹಕ್ಕು ಎಷ್ಟು ಮುಖ್ಯವೋ ದಾರಿಯ ಬುಡಕ್ಕೆ ತಲುಪೋ ಹಕ್ಕೂ ಅಷ್ಟೇ ಮುಖ್ಯ.

ಈಗ ನಮ್ಮ ಕಡೆ ನೋಡಿ. 2024ರ ಜನವರಿಯ ಉದ್ದದ ವಾರಾಂತ್ಯದಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಜನ ಸಾಲುಗಟ್ಟಿ ನಿಂತ ಫೋಟೋ ಎಲ್ಲರ ಫೋನಲ್ಲೂ ಓಡಾಡಿತ್ತು. ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣ ನಿಲ್ಲಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ‘ಅರಣ್ಯ ವಿಹಾರ’ ಜಾಲತಾಣ ಬಂತು, ಒಂದು ದಾರಿಗೆ ದಿನಕ್ಕೆ 300 ಜನ ಅಂತ ಮಿತಿ ಬಂತು. ಕಾಡಿನ ದೃಷ್ಟಿಯಿಂದ ಇದು ಬೇಕಾಗಿದ್ದ ಕ್ರಮ, ನನಗೆ ಅದರಲ್ಲಿ ಅನುಮಾನ ಇಲ್ಲ. ಆದರೆ ಲೆಕ್ಕ ಹಾಕಿದ್ದು ತಲೆಯನ್ನ, ಚಕ್ರವನ್ನಲ್ಲ. 300 ಜನ ಹನ್ನೆರಡು ಸೀಟಿನ ಟೆಂಪೋ ಟ್ರಾವೆಲರ್‌ನಲ್ಲಿ ಬಂದರೆ 25 ಗಾಡಿ. ಮೂರು ಮೂರು ಜನ ಒಂದೊಂದು ಕಾರಲ್ಲಿ ಬಂದರೆ 100 ಗಾಡಿ. ಬಸ್ಸಲ್ಲಿ ಬಂದರೆ ಆರೇಳು. ಕಾಡಿಗೆ ಮೂರೂ ಒಂದೇ, ಬುಡದ ಊರಿಗೆ ಮೂರೂ ಬೇರೆ ಬೇರೆ.

ಕುಮಾರ ಪರ್ವತದ ಮಟ್ಟಿಗೆ ದಾರಿ ಸುಲಭ. ಕುಕ್ಕೆ ಸುಬ್ರಹ್ಮಣ್ಯಕ್ಕೆ ಬೆಂಗಳೂರಿನಿಂದ ನೇರ ಬಸ್ಸಿದೆ, ನೆಟ್ಟಣದಲ್ಲಿ ಸುಬ್ರಹ್ಮಣ್ಯ ರೋಡ್ ರೈಲ್ವೆ ಸ್ಟೇಷನ್ ಇದೆ. ಕ್ಷೇತ್ರಕ್ಕೆ ಬರೋ ಭಕ್ತರಿಗಾಗಿ ಆದ ವ್ಯವಸ್ಥೆ ಚಾರಣಿಗರಿಗೂ ಒದಗಿತು. ಕುದುರೆಮುಖದ ಕತೆ ಬೇರೆ. ಮುಳ್ಳೋಡಿವರೆಗಿನ ಕೊರಕಲು ದಾರಿಯಲ್ಲಿ ನಮ್ಮ ಕಾರು ಏರೋದಿಲ್ಲ. ಗಾಡಿ ಕೆಳಗೆ ಬಿಟ್ಟು ಸ್ಥಳೀಯರ ಜೀಪು ಹತ್ತಬೇಕು. ಜೀಪಿನ ಬಾಡಿಗೆ ಜಾಸ್ತಿ ಅಂತ ನಾವು ಗೊಣಗ್ತೀವಿ. ಆದರೆ ಆ ಊರಿಗೆ ಚಾರಣದಿಂದ ಬರೋ ಕಾಸಿನಲ್ಲಿ ಅದೂ ಒಂದು ಪಾಲು, ಮತ್ತು ಆ ಕೊರಕಲು ದಾರಿಯೇ ಊರನ್ನ ಕಾರುಗಳಿಂದ ಕಾಪಾಡಿದೆ. ಮುಳ್ಳಯ್ಯನಗಿರಿಗೆ ಡಾಂಬರು ರಸ್ತೆ ಏರಿದ್ದರಿಂದ ಆದದ್ದು ಇದರ ತದ್ವಿರುದ್ಧ: 2025ರಲ್ಲಿ ಚಿಕ್ಕಮಗಳೂರು ಜಿಲ್ಲಾಡಳಿತ ಅಲ್ಲಿಗೆ ಹೋಗೋ ವಾಹನಗಳಿಗೇ ಮುಂಗಡ ಬುಕಿಂಗ್ ಮತ್ತು ಮಿತಿ ತರಬೇಕಾಯ್ತು. ಕೊನೆಗೂ ಚಕ್ರದ ಲೆಕ್ಕ ಶುರುವಾಯ್ತು ಅನ್ನೋದೇ ಸಮಾಧಾನ.

ಹಳೇ ಉತ್ತರ ಪೂರ್ತಿ ಸತ್ತಿಲ್ಲ ಅನ್ನೋದಕ್ಕೆ ಶಿವರಾತ್ರಿ ಹೊತ್ತಿಗೆ ಕನಕಪುರ ರಸ್ತೆಯ ಕಡೆ ಒಂದು ಸುತ್ತು ಹಾಕಿ. ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋಗೋರು ಸಿಗ್ತಾರೆ. ರಸ್ತೆ ಲೆಕ್ಕದಲ್ಲಿ ಬೆಂಗಳೂರಿನಿಂದ ಬೆಟ್ಟಕ್ಕೆ ಇನ್ನೂರು ಕಿಲೋಮೀಟರಿಗೂ ಹೆಚ್ಚು. ಕೊನೆಯ ಏರು ತಾಳಬೆಟ್ಟದಿಂದ. ನಮ್ಮ ನಾಡಿನ ನಿಜವಾದ ದೂರದ ಕಾಲುದಾರಿ ಅಂದರೆ ಇದು, ಮತ್ತೆ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗೋದು. ಇವರಿಗೆ ಪಾರ್ಕಿಂಗ್ ಪ್ರಶ್ನೆಯೇ ಇಲ್ಲ, ಮನೆ ಬಾಗಿಲಿಂದಲೇ ನಡಿಗೆ ಶುರು. ದಾರಿಯಲ್ಲಿ ಶಾಮಿಯಾನ ಹಾಕಿ ಅನ್ನ, ಪಾನಕ, ಮಜ್ಜಿಗೆ ಕೊಡೋ ಊರವರು ಅರವಟ್ಟಿಗೆಯನ್ನ ಇನ್ನೂ ನಡೆಸ್ತಿದ್ದಾರೆ. ಆದರೆ ಅವರು ನಡೆಯೋದು ಹೆದ್ದಾರಿಯ ಬಿಳಿಗೆರೆಯ ಮೇಲೆ, ಲಾರಿಗಳ ಪಕ್ಕ, ರಾತ್ರಿ ಹೊತ್ತು. ರಸ್ತೆ ಅಗಲವಾದಷ್ಟೂ ಸಾಲುಮರ ಬಿದ್ದವು, ನಡೆಯೋರಿಗೆ ಅಂತ ಒಂದು ಮಣ್ಣಿನ ಅಂಚೂ ಉಳೀಲಿಲ್ಲ. ಮಾಗಡಿ ತಾಲೂಕಿನ ಹುಲಿಕಲ್ಲಿನಿಂದ ಕುದೂರಿಗೆ ಸಾಲುಮರದ ತಿಮ್ಮಕ್ಕ ಗಂಡನ ಜೊತೆ ಬಿಂದಿಗೆ ಹೊತ್ತು ಬೆಳೆಸಿದ ಆಲದ ಸಾಲಿಗೆ ನಾವು ಪ್ರಶಸ್ತಿ ಕೊಟ್ಟೆವು. ಅವರು ಮಾಡಿದ ಕೆಲಸ ಮಾತ್ರ ನಮ್ಮ ರಸ್ತೆ ಯೋಜನೆಗಳ ಪಟ್ಟಿಗೆ ಸೇರಲಿಲ್ಲ.

ಹಾಗಾದರೆ ಏನು ಮಾಡಬೇಕು? ಬೆಟ್ಟದ ಬುಡಕ್ಕೆ ಕಾಂಕ್ರೀಟು ಸುರಿದು ನೂರು ಕಾರಿನ ಮೈದಾನ ಮಾಡೋದಂತೂ ಅಲ್ಲ. ನನ್ನ ಲೆಕ್ಕದಲ್ಲಿ ಮೂರು ಕೆಲಸ. ಮೊದಲನೇದು, ಚಾರಣದ ಬುಕಿಂಗ್‌ನಲ್ಲೇ ಗಾಡಿಯ ಲೆಕ್ಕವೂ ಬರಲಿ. ಬಸ್ಸಲ್ಲಿ ಬರೋರಿಗೆ ಒಂದಷ್ಟು ಟಿಕೆಟ್ ಮೀಸಲಿರಲಿ. ಮೆಟ್ರೋದಲ್ಲಿ ಸಿಲ್ಕ್ ಇನ್‌ಸ್ಟಿಟ್ಯೂಟ್‌ವರೆಗೆ ಹೋಗಿ ಅಲ್ಲಿಂದ ಕನಕಪುರದ ಬಸ್ಸು ಹಿಡಿಯೋದು ಇವತ್ತೂ ಸಾಧ್ಯ. ಎರಡನೇದು, ಚಾರಣ ಶುರುವಾಗೋ ಊರುಗಳಲ್ಲಿ ಉಳಿದಿರೋ ಗುಂಡುತೋಪು, ಖರಾಬು ಜಾಗಗಳನ್ನ ಅಳೆದು, ಮರ ಕಡಿಯದೆ, ಬೆಟ್ಟದಿಂದ ಒಂದೆರಡು ಕಿಲೋಮೀಟರ್ ಹಿಂದೆಯೇ ಗಾಡಿ ನಿಲ್ಲೋ ಹಾಗೆ ಮಾಡಲಿ. ಮೂರನೇದು, ಅದರ ಶುಲ್ಕ ಗ್ರಾಮ ಪಂಚಾಯ್ತಿಗೆ ಹೋಗಲಿ, ಟೆಂಡರು ಹಿಡಿದ ಯಾರೋ ಹೊರಗಿನವರಿಗಲ್ಲ. ಸುಂಕದವನ ಹತ್ತಿರ ಸುಖದುಃಖ ಹೇಳಿಕೊಂಡ ಹಾಗೆ ಅಂತ ಗಾದೆ ಇದೆಯಲ್ಲ, ಊರಿನವರೇ ಸುಂಕ ಎತ್ತಿದರೆ ಕಡೇಪಕ್ಷ ಅವರ ಸುಖದುಃಖಕ್ಕೆ ಅದು ಖರ್ಚಾಗುತ್ತೆ.

ಇದು ಆಗದಿದ್ದರೆ ಏನಾಗುತ್ತೆ ಅಂತ ಊಹಿಸೋಕೆ ಕಷ್ಟಪಡಬೇಕಿಲ್ಲ. ನಮ್ಮ ಮನೆ ಗೇಟಿನ ಮುಂದೆ ಗುರುತಿಲ್ಲದವರು ಕಾರು ನಿಲ್ಲಿಸಿದರೆ ನಾವು ‘ನೋ ಪಾರ್ಕಿಂಗ್’ ಬೋರ್ಡು ಹಾಕ್ತೀವಿ, ಹೂಕುಂಡ ಇಡ್ತೀವಿ. ಹಳ್ಳಿಯವರು ಬೇಲಿ ಹಾಕ್ತಾರೆ. ಆ ದಾರಿ ನಕಾಶೆಯಲ್ಲಿ ಇಲ್ಲದಿದ್ದರೆ ಬೇಲಿ ತೆಗೆಸೋಕೂ ಆಗೋದಿಲ್ಲ. ಆಗ ನಷ್ಟ ನಮ್ಮ ವಾರಾಂತ್ಯಕ್ಕೆ ಮಾತ್ರ ಅಲ್ಲ. ಅದೇ ದಾರಿಯಲ್ಲಿ ಸೌದೆಗೆ, ಗುಡಿಗೆ, ಪಕ್ಕದೂರಿಗೆ ನಡೆಯೋ ಎಲ್ಲರಿಗೂ.