ಪ್ರತಿವಾದಿ ಬಾರದ ಮೊಕದ್ದಮೆ

ಪ್ರತಿವಾದಿ ಗೈರುಹಾಜರಾದರೆ ವಾದಿ ಕೇಳಿದಷ್ಟು ಪರಿಹಾರ ಸಿಕ್ಕಿಬಿಡುತ್ತದೆಂದು ನಮ್ಮಲ್ಲಿ ಹಲವರ ತಿಳುವಳಿಕೆ. ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ಮುಂದೆ ಬಂದ ಮೊದಲ ವ್ಯಾಜ್ಯವೇ ಬೇರೆ ಪಾಠ ಹೇಳುತ್ತದೆ.

1946ರ ಅಕ್ಟೋಬರ್ 22ರಂದು ಅಲ್ಬೇನಿಯದ ಕಾರ್ಫು ಜಲಸಂಧಿಯಲ್ಲಿ ಮೈನುಗಳು ಸಿಡಿದು ಬ್ರಿಟನ್ನಿನ ಎರಡು ಯುದ್ಧನೌಕೆಗಳು ಜಖಂಗೊಂಡವು; 40ಕ್ಕೂ ಹೆಚ್ಚು ನಾವಿಕರು ಸತ್ತರು. ಹೊಣೆ ಅಲ್ಬೇನಿಯದ್ದೆಂದು 1949ರ ಏಪ್ರಿಲಿನಲ್ಲಿ ತೀರ್ಪಾಯಿತು. ಪರಿಹಾರದ ಮೊತ್ತ ಗೊತ್ತುಮಾಡುವ ವಿಚಾರಣೆಗೆ ಆ ದೇಶ ಬರಲಿಲ್ಲ.

ಆದರೂ ನ್ಯಾಯಾಲಯ ಬ್ರಿಟನ್ನಿನ ಲೆಕ್ಕವನ್ನು ಕಣ್ಣುಮುಚ್ಚಿ ಒಪ್ಪದೆ, ಡಚ್ ನೌಕಾಪಡೆಯ ತಜ್ಞರಿಂದ ಪರೀಕ್ಷೆ ಮಾಡಿಸಿತು. ‘ಸಾಮರೆಜ್’ ನೌಕೆಗಾಗಿ ಬ್ರಿಟನ್ ಕೇಳಿದ್ದು 7,00,087 ಪೌಂಡು. ತಜ್ಞರ ಅಂದಾಜು ಅದಕ್ಕೂ ಹೆಚ್ಚು. ಕೇಳಿದ್ದನ್ನು ಮೀರಿ ಕೊಡಲಾಗದೆಂದಿತು ನ್ಯಾಯಾಲಯ. ಎಲ್ಲ ಸೇರಿ 8,43,947 ಪೌಂಡು ಎಂದು ಡಿಸೆಂಬರಿನಲ್ಲಿ ತೀರ್ಮಾನವಾಯಿತು.

ಬಾರದವನ ಪಾಲಿಗೂ ನ್ಯಾಯ ತೂಗಿದ್ದು ಹೀಗೆ. ವಸೂಲಿಯ ಕಥೆ ಬೇರೆ: 20 ಲಕ್ಷ ಡಾಲರಿಗೆ ರಾಜಿಯಾದದ್ದು 1992ರಲ್ಲಿ!