ನಾಲೆಯ ದಿವಾನರು

ಶ್ರೀರಂಗಪಟ್ಟಣವೆಂದೊಡನೆ ನಮ್ಮ ಮನಸ್ಸು ಹೈದರ್-ಟೀಪುಗಳ ಕಾಲಕ್ಕೆ ಓಡುತ್ತದೆ. 1799ರ ಮುತ್ತಿಗೆಯೊಡನೆ ಅಲ್ಲಿಯ ಚರಿತ್ರೆಯೇ ಮುಗಿಯಿತೆಂಬಂತೆ ಮಾತನಾಡುತ್ತೇವೆ. ಆದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಇಂದಿನ ಬಾಳಿಗೆ ರೂಪು ಕೊಟ್ಟದ್ದು ಇಪ್ಪತ್ತನೆಯ ಶತಮಾನದ ನೀರಾವರಿ ಎಂದು ನಾನು ಭಾವಿಸುತ್ತೇನೆ. ಅಣೆಕಟ್ಟನ್ನು ನೆನೆದಾಗ ಸರ್ ಎಂ. ವಿಶ್ವೇಶ್ವರಯ್ಯನವರನ್ನು ಸ್ಮರಿಸುವ ನಾವು, ಆ ನೀರು ಹೊಲಕ್ಕೆ ಹರಿದ ಕಾಲದಲ್ಲಿ ರಾಜ್ಯಭಾರ ನಡೆಸಿದ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ಲರನ್ನು ಅಷ್ಟಾಗಿ ನೆನೆಯುವುದಿಲ್ಲ.

ಮಿರ್ಜಾ ಅವರು ಹುಟ್ಟಿದ್ದು 1883ರಲ್ಲಿ, ಬೆಂಗಳೂರಿನಲ್ಲಿ. ಕುದುರೆ ವ್ಯಾಪಾರಕ್ಕಾಗಿ ಪರ್ಷಿಯಾದಿಂದ ಬಂದು ಇಲ್ಲಿಯೇ ನೆಲೆಸಿದ ಅಲಿ ಅಸ್ಕರ್ ಅವರ ಮೊಮ್ಮಗ. ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿ. 1905ರಲ್ಲಿ ಸರ್ಕಾರಿ ಸೇವೆಗೆ ಸೇರಿ, ಹುಜೂರ್ ಕಾರ್ಯದರ್ಶಿಯಾಗಿ, 1926ರ ಮೇ ತಿಂಗಳಲ್ಲಿ ದಿವಾನರಾದರು. ಪ್ರಜೆಗಳ ಮತ ಬೇಡಿ ಬಂದ ಪದವಿ ಅದಲ್ಲ. ಅದರ ಆಧಾರ ಮಹಾರಾಜರ ವಿಶ್ವಾಸ ಒಂದೇ.

ಕನ್ನಂಬಾಡಿಯ ಕಟ್ಟೆಯ ಕೆಲಸ 1911ರಲ್ಲೇ ಆರಂಭವಾಗಿತ್ತು. ಮದರಾಸಿನೊಡನೆ ಇದ್ದ ವಿವಾದಕ್ಕೆ 1924ರ ಒಪ್ಪಂದ ತೆರೆ ಎಳೆದಿತ್ತು. ಇನ್ನು ಉಳಿದದ್ದು ನೀರನ್ನು ಬಯಲಿಗೆ ಒಯ್ಯುವ ಕೆಲಸ. ವೈಸರಾಯ್ ಇರ್ವಿನ್ನರ ಹೆಸರು ಹೊತ್ತ ನಾಲೆ ಎಡದಂಡೆಯಿಂದ ಹೊರಟು, ಆಗ ಫ್ರೆಂಚ್ ರಾಕ್ಸ್ ಎನಿಸಿದ್ದ ಪಾಂಡವಪುರದ ಸೀಮೆಯನ್ನು ಹಾದು, ಹುಲಿಕೆರೆಯಲ್ಲಿ ಸುರಂಗವನ್ನು ಹೊಕ್ಕು ಮಂಡ್ಯದತ್ತ ಹರಿಯಿತು. ಕಬ್ಬು, ಭತ್ತ, ಅರೆಖುಷ್ಕಿ ಬೆಳೆಗಳನ್ನು ಸರದಿಯ ಮೇಲೆ ಬೆಳೆಯುವ ಬ್ಲಾಕ್ ಪದ್ಧತಿ ಜಾರಿಗೆ ಬಂತು. ಬೆಳೆದ ಕಬ್ಬಿಗೆ ಗಾಣವೊಂದೇ ಗತಿಯಾಗಬಾರದಲ್ಲ! ವ್ಯವಸಾಯ ಇಲಾಖೆಯ ಕೋಲ್ಮನ್ನರ ಉತ್ಸಾಹ, ದಿವಾನರ ಬೆಂಬಲಗಳಿಂದ 1933ರಲ್ಲಿ ಮೈಸೂರು ಸಕ್ಕರೆ ಕಂಪೆನಿ ಮಂಡ್ಯದಲ್ಲಿ ಸ್ಥಾಪಿತವಾಯಿತು. 1939ರಲ್ಲಿ ಮೈಸೂರು ಜಿಲ್ಲೆಯನ್ನು ವಿಭಾಗಿಸಿ ಮಂಡ್ಯ ಜಿಲ್ಲೆಯನ್ನು ರಚಿಸಿದಾಗ ನಮ್ಮ ಈ ನಾಲ್ಕು ಸೀಮೆಗಳೂ ಅದರಲ್ಲಿ ಸೇರಿದವು.

ಆದರೆ ಜಿಲ್ಲೆ ಒಂದಾದರೂ ನೀರಿನ ಭಾಗ್ಯ ಒಂದೇ ಆಗಿರಲಿಲ್ಲ. ಕೃಷ್ಣರಾಜಪೇಟೆಗೆ ಹೇಮಾವತಿಯ ಹಳೆಯ ಕಟ್ಟೆಕಾಲುವೆಗಳಿದ್ದವು. ನಾಗಮಂಗಲ ಬಹುಮಟ್ಟಿಗೆ ಮಳೆಯನ್ನೂ ಕೆರೆಯನ್ನೂ ನಂಬಿತ್ತು. ಗೊರೂರಿನ ಅಣೆಕಟ್ಟು ಪೂರ್ಣವಾದದ್ದು 1979ರಲ್ಲಿ. ಯಾವ ಊರಿಗೆ ನೀರು, ಎಷ್ಟು ನೀರು ಎಂಬ ಪ್ರಶ್ನೆಯೊಡನೆ, ಅದನ್ನು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆಯೂ ಹೆಣೆದುಕೊಂಡಿದೆಯಷ್ಟೆ.

1881ರಲ್ಲಿ ರಂಗಾಚಾರ್ಲು ಅವರು ಆರಂಭಿಸಿದ ಪ್ರಜಾಪ್ರತಿನಿಧಿ ಸಭೆ ದಸರೆಯಲ್ಲಿ ಸೇರುತ್ತಿತ್ತು. ತಾಲ್ಲೂಕುಗಳ ಪ್ರತಿನಿಧಿಗಳು ತಮ್ಮ ಕಷ್ಟಸುಖಗಳನ್ನು ಅರಿಕೆ ಮಾಡಿಕೊಳ್ಳುತ್ತಿದ್ದರು. ಅಧ್ಯಕ್ಷ ಪೀಠದಲ್ಲಿ ದಿವಾನರೇ ಇರುತ್ತಿದ್ದರು. ಮಿರ್ಜಾ ಅವರು ಆಲಿಸುವ ಸೌಜನ್ಯವುಳ್ಳವರು; ಆದರೆ ಸರ್ಕಾರವನ್ನು ಇಳಿಸುವ ಅಧಿಕಾರ ಸಭೆಗೆ ಇರಲಿಲ್ಲ.

1938ರ ಏಪ್ರಿಲ್‌ನಲ್ಲಿ ಇದೇ ಸೀಮೆಯ ಮದ್ದೂರಿನ ಬಳಿ, ಶಿವಪುರದಲ್ಲಿ, ಟಿ. ಸಿದ್ಧಲಿಂಗಯ್ಯನವರ ನೇತೃತ್ವದಲ್ಲಿ ನಿಷೇಧವನ್ನು ಮೀರಿ ರಾಷ್ಟ್ರಧ್ವಜ ಏರಿತು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಗೋಲಿಬಾರ್ ನಡೆದು ಜನ ಪ್ರಾಣ ತೆತ್ತರು. ಸರ್ದಾರ್ ಪಟೇಲ್, ಆಚಾರ್ಯ ಕೃಪಲಾನಿ ಮೈಸೂರಿಗೆ ಬಂದರು. ಮಿರ್ಜಾ-ಪಟೇಲ್ ಒಪ್ಪಂದವಾಗಿ, ಸಂಸ್ಥಾನದ ಬಾವುಟದೊಡನೆ ಕಾಂಗ್ರೆಸ್ಸಿನ ಬಾವುಟವೂ ಹಾರಲು ಅವಕಾಶವಾಯಿತು. ಜವಾಬ್ದಾರಿ ಸರ್ಕಾರ ಮಾತ್ರ ಬಂದದ್ದು 1947ರ ಅಕ್ಟೋಬರಿನಲ್ಲಿ. ಅಷ್ಟರಲ್ಲಿ ಮಿರ್ಜಾ ಅವರು ದಿವಾನಗಿರಿ ಬಿಟ್ಟು ಆರು ವರ್ಷಗಳಾಗಿದ್ದವು.

ಇದರಿಂದ ಅವರ ಹಿರಿಮೆ ಕುಂದುವುದೆಂದು ನಾನು ಹೇಳಲಾರೆ. ಉತ್ತಮ ಆಡಳಿತವೇ ಪ್ರಜೆಯ ಬಯಕೆಯ ಕೊನೆಯೆಂದು ಅವರು ಬಗೆದಿರಬಹುದು. ಆದರೆ ನೀರು ಕಂಡ ರೈತ ಬೆಳೆ ಬೆಳೆದು ಸುಮ್ಮನಿರಲಿಲ್ಲ. ತೂಬನ್ನು ತೆರೆಯುವ ನೀರುಗಂಟಿಯ ಮೇಲೆ ಯಾರ ಅಪ್ಪಣೆ ನಡೆಯುತ್ತದೆ ಎಂದು ಕೇಳಲಾರಂಭಿಸಿದ. ಆ ಪ್ರಶ್ನೆ ಕೃತಘ್ನತೆಯದಲ್ಲ, ಬೆಳವಣಿಗೆಯದು. ಒಳ್ಳೆಯ ಆಡಳಿತದ ಫಲಗಳಲ್ಲಿ ಅದೂ ಒಂದು.

ಮುಂದೆ ಮಿರ್ಜಾ ಅವರು ಜಯಪುರ, ಹೈದರಾಬಾದ್ ಸಂಸ್ಥಾನಗಳಲ್ಲಿಯೂ ಪ್ರಧಾನಿಗಳಾಗಿದ್ದು, 1954ರಲ್ಲಿ ಆತ್ಮಕಥೆಯನ್ನು ಪ್ರಕಟಿಸಿ, 1959ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಜಯಪುರದ ದೊಡ್ಡ ಬೀದಿಗೆ ಅವರ ಹೆಸರಿದೆ. ಇಲ್ಲಿಯ ಇರ್ವಿನ್ ನಾಲೆ ಈಗ ವಿಶ್ವೇಶ್ವರಯ್ಯ ನಾಲೆ. ಆ ಗೌರವ ಸಲ್ಲತಕ್ಕದ್ದೇ. ಅದರ ದಂಡೆಯ ಮೇಲೆ ನಡೆವವರು ಕಟ್ಟಿದ ಎಂಜಿನಿಯರನ್ನೂ ಹರಿಸಿದ ದಿವಾನರನ್ನೂ ಶಿವಪುರದಲ್ಲಿ ಬಾವುಟ ಹಿಡಿದ ರೈತನನ್ನೂ ಒಟ್ಟಿಗೆ ನೆನೆದರೆ ಈ ಸೀಮೆಯ ಚರಿತ್ರೆ ಪೂರ್ಣವಾದೀತು.