ಅರವತ್ತರಿಂದ ಆರಕ್ಕೆ, ಆರರಿಂದ ಮೂವತ್ತು ದಿನಕ್ಕೆ

ಬೆಂಗಳೂರಿನ ಪೀಣ್ಯದ ಸುತ್ತಲ ಶಾಲೆಗಳಿಗೆ ನಾನು ಹೊತ್ತೊಯ್ಯುತ್ತಿದ್ದ ಸಾಮಾನು ಮೂರೇ: ಕಣ್ಣು ಪರೀಕ್ಷೆಯ ಹಲಗೆ, ಅಳತೆ ಟೇಪು, ಒಂದು ಟಾರ್ಚು. ಕೊಠಡಿಯಲ್ಲಿ 6 ಮೀಟರ್ ಸಿಗದಿದ್ದರೆ ಹಲಗೆಯನ್ನು ಜಗಲಿಯ ಗೋಡೆಗೆ ನೇತುಹಾಕಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಗೆರೆಯ ಮೇಲೆ ಮಕ್ಕಳನ್ನು ನಿಲ್ಲಿಸುತ್ತಿದ್ದೆ. ಹಲಗೆಯ ತುಂಬ ಇಂಗ್ಲಿಷಿನ ‘ಇ’ ಒಂದೇ ಅಕ್ಷರ. ಅದರ ಕಾಲು ಯಾವ ಕಡೆಗಿದೆ ಎಂದು ಮಗು ಕೈಯಲ್ಲಿ ತೋರಿಸಿದರೆ ಸಾಕು, ಓದು ಬರಬೇಕಿಲ್ಲ. ಕೆಲಸ ಹುಡುಕಿಕೊಂಡು ರಾಯಚೂರು, ಕಲಬುರಗಿಯಿಂದ ಬಂದವರ ಮಕ್ಕಳಿಗೂ, ತಮಿಳು, ತೆಲುಗು ಮಾತಾಡುವ ಮಕ್ಕಳಿಗೂ ಅದೇ ಹಲಗೆ.

ಅಂಥ ಹಲಗೆಗಳ ಮೂಲ 1862ರದು. ಹಾಲೆಂಡಿನ ಉಟ್ರೆಕ್ಟ್‌ನ ಕಣ್ಣಿನ ವೈದ್ಯ ಹರ್ಮನ್ ಸ್ನೆಲೆನ್ ಲೆಕ್ಕಾಚಾರ ಹಾಕಿ, ಸಾಲಿನಿಂದ ಸಾಲಿಗೆ ಅಕ್ಷರ ಕಿರಿದಾಗುತ್ತಾ ಹೋಗುವ ಪಟ ಮಾಡಿದರು. ಅದು ನಮ್ಮ ಕೂಲಿಕಾರರ ಮಕ್ಕಳ ಮುಂದೆ ಬಂದು ನಿಲ್ಲಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ನಮ್ಮ ನಾಡಿನಲ್ಲಿ ಕಣ್ಣಿನ ಚಿಕಿತ್ಸೆ ಹಿರಿಯರಿಂದ ಶುರುವಾಗಿ ನಿಧಾನಕ್ಕೆ ಮಕ್ಕಳ ಕಡೆಗೆ ಇಳಿದು ಬಂತು.

ಬೆಂಗಳೂರಿನ ಕಣ್ಣಾಸ್ಪತ್ರೆ ಆರಂಭವಾದದ್ದು 1896ರಲ್ಲಿ. 1913ರಲ್ಲಿ ಅದಕ್ಕೆ ಈಗಿನ ಕಟ್ಟಡವೂ ವೈಸರಾಯ್ ಆಗಿದ್ದ ಮಿಂಟೋ ಹೆಸರೂ ಬಂದವು. ನಮ್ಮ ಹಿರಿಯರ ಬಾಯಲ್ಲಿ ‘ಮಿಂಟೋಗೆ ಹೋಗೋದು’ ಅಂದರೆ ಪೊರೆ ತೆಗೆಸುವುದು ಅಂತಲೇ ಅರ್ಥ. ಅಲ್ಲಿಗೂ ಬರಲಾಗದವರ ಊರಿಗೇ ಹೋದವರು ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ. ಊರೂರಲ್ಲಿ ಶಿಬಿರ ಹಾಕಿ, ಒಂದೇ ದಿನಕ್ಕೆ ನೂರಾರು ಜನರಿಗೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಆ ಶಿಬಿರಗಳಲ್ಲಿ ಪಟ್ಟಿ ಕಟ್ಟಿಕೊಂಡು ಸಾಲಾಗಿ ಮಲಗಿದ್ದವರು ಬಹುಪಾಲು ಅಜ್ಜ ಅಜ್ಜಿಯರು. ಅದೂ ಸರಿಯೇ. ಆದರೆ ಅಜ್ಜಿಯ ಪೊರೆ ಈ ಸುಗ್ಗಿಗೆ ಆಗದಿದ್ದರೆ ಮುಂದಿನ ಸುಗ್ಗಿಗೆ ತೆಗೆಸಬಹುದು. ಮಗುವಿನ ಕಣ್ಣಿಗೆ ಆ ಸೌಕರ್ಯವಿಲ್ಲ.

ಸರ್ಕಾರ ಮಕ್ಕಳ ಕಣ್ಣಿನ ಕಡೆ ಮೊದಲು ನೋಡಿದ್ದು ಇರುಳುಗಣ್ಣಿನಿಂದಾಗಿ. 1970ರಲ್ಲಿ ಅದನ್ನು ತಡೆಯಲು ಎ ಜೀವಸತ್ವದ ಹನಿ ಹಾಕುವ ಕಾರ್ಯಕ್ರಮ ಬಂತು. ಈಗಲೂ 9 ತಿಂಗಳಿಗೆ ದಡಾರದ ಚುಚ್ಚುಮದ್ದಿನ ಜೊತೆ ಮೊದಲ ಹನಿ ಬೀಳುತ್ತದೆ. 1976ರಲ್ಲಿ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ನನ್ನಂಥ ನೇತ್ರಾಧಿಕಾರಿಗಳಿಗೆ ಕೆಲಸ ಸಿಕ್ಕಿದ್ದು ಅದರಿಂದ. ಅದೇ ದಶಕದ ಕೊನೆಗೆ ಪೀಣ್ಯದ ಹೊಲಗಳಲ್ಲಿ ಕಾರ್ಖಾನೆಗಳು ಎದ್ದವು. ಹೆಗ್ಗನಹಳ್ಳಿ, ಲಗ್ಗೆರೆಯ ವಠಾರಗಳು ತುಂಬಿದವು, ಶಾಲೆಗಳೂ ತುಂಬಿದವು.

ಅಂಥ ಒಂದು ಶಾಲೆಯ ಒಂದನೇ ತರಗತಿಯ ಹುಡುಗಿಯನ್ನು ನಾನು ಮರೆತಿಲ್ಲ. ಎರಡು ಕಣ್ಣೂ ತೆರೆದಿದ್ದಾಗ ಕೊನೆಯ ಸಾಲಿನವರೆಗೂ ಕೈ ತೋರಿಸಿದಳು. ಬಲಗಣ್ಣನ್ನು ಅಂಗೈಯಿಂದ ಮುಚ್ಚಿದೆ, ಕೈ ಎತ್ತಲಿಲ್ಲ. ಎಡಗಣ್ಣು ಮುಚ್ಚಿದೆ, ಸರಸರನೆ ತೋರಿಸಿದಳು. ಮತ್ತೆ ಬಲಗಣ್ಣು ಮುಚ್ಚಿದಾಗ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕೆಳಗೆಳೆದು ಅತ್ತಳು. ಮೇಷ್ಟ್ರು ‘ಹಟಮಾರಿ’ ಅಂದರು. ಅದು ಹಟವಲ್ಲ. ಮುಚ್ಚಿದ್ದು ಅವಳಿಗಿದ್ದ ಒಂದೇ ಕಣ್ಣು. ಇನ್ನೊಂದರಲ್ಲಿ ಕಾಣುತ್ತಿಲ್ಲವೆಂದು ಅವಳಿಗೂ ಗೊತ್ತಿರಲಿಲ್ಲ, ಹೆತ್ತವಳಿಗೂ ಗೊತ್ತಿರಲಿಲ್ಲ.

ಇದನ್ನು ಸೋಮಾರಿ ಕಣ್ಣು ಅನ್ನುತ್ತೇವೆ. ಒಂದು ಕಣ್ಣಿನ ಚಿತ್ರ ಮಸುಕಾಗಿದ್ದರೆ ಮಗುವಿನ ಮಿದುಳು ಆ ಕಣ್ಣಿನ ಮಾತು ಕೇಳುವುದನ್ನೇ ಬಿಡುತ್ತದೆ. ಎಳೆಯ ವಯಸ್ಸಿನಲ್ಲಿ ಕಣ್ಣು ಮತ್ತು ಮಿದುಳಿನ ನಂಟು ಬೆಳೆಯುವ ಅವಧಿ ಒಂದಿದೆ ಎಂದು ಹ್ಯೂಬೆಲ್ ಮತ್ತು ವೀಸೆಲ್ ಬೆಕ್ಕಿನ ಮರಿಗಳಲ್ಲಿ ತೋರಿಸಿದರು. 1981ರಲ್ಲಿ ಅವರಿಗೆ ನೊಬೆಲ್ ಬಂತು. ಆ ಹುಡುಗಿಗೆ ಕನ್ನಡಕ ಹಾಕಿಸಿ, ಒಳ್ಳೆಯ ಕಣ್ಣಿಗೆ ದಿನಕ್ಕಿಷ್ಟು ಹೊತ್ತು ಪಟ್ಟಿ ಅಂಟಿಸಿದೆವು. ವರ್ಷದೊಳಗೆ ಆ ಕಣ್ಣು ಕೆಳಗಿನ ಸಾಲುಗಳಿಗೆ ಇಳಿಯಿತು. ಅವಳಿಗೆ ಆಗ ಆರು ವರ್ಷ.

ನನ್ನ ತಂಗಿಯ ಮಗನಿಗೆ ಆ ಅದೃಷ್ಟ ಸಿಗಲಿಲ್ಲ. ನನ್ನ ಜೊತೆ ಒಂದೇ ಮನೆಯಲ್ಲಿ ಬೆಳೆದವನು. ಸಾವಿರಾರು ಮಕ್ಕಳ ಕಣ್ಣು ಮುಚ್ಚಿ ನೋಡಿದ ನಾನು ಅವನ ಕಣ್ಣು ಮುಚ್ಚಿ ನೋಡಿರಲಿಲ್ಲ. ಮೆಳ್ಳೆ ಇರಲಿಲ್ಲ, ಓದುತ್ತಿದ್ದ, ಕ್ರಿಕೆಟ್ ಆಡುತ್ತಿದ್ದ. ಹದಿನೈದರಲ್ಲಿ ಗೊತ್ತಾಗುವಾಗ ಎಡಗಣ್ಣು 6/60, ಹಲಗೆಯ ಮೇಲಿನ ದೊಡ್ಡ ಅಕ್ಷರ ಮಾತ್ರ ಕಾಣುವಷ್ಟು. ಪಟ್ಟಿ ಕಟ್ಟಿದೆವು, ಏನೂ ಆಗಲಿಲ್ಲ. ಈಗ ಅವನು ಪೀಣ್ಯದಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಾನೆ. ಕಬ್ಬಿಣದ ಚೂರು ಹಾರುವ ಜಾಗ, ಬಲಗಣ್ಣು ಒಂದೇ ಆಧಾರ. ಅವನು ರಕ್ಷಣೆಯ ಕನ್ನಡಕ ಹಾಕಿಕೊಳ್ಳುವಾಗೆಲ್ಲ ನನಗೆ ಸಂಕಟವಾಗುತ್ತದೆ.

ನಗರದ ಇನ್ನೊಂದು ತುದಿಯಲ್ಲಿ ಈ ಚರಿತ್ರೆ ಇನ್ನೂ ಎಳೆಯ ವಯಸ್ಸಿಗೆ ಇಳಿದಿದೆ. ಎಲೆಕ್ಟ್ರಾನಿಕ್ ಸಿಟಿ ದಾಟಿದರೆ ಬೊಮ್ಮಸಂದ್ರ. ಅಲ್ಲೂ ಆಸ್ಪತ್ರೆಯಿರುವ ನಾರಾಯಣ ನೇತ್ರಾಲಯ 2008ರಲ್ಲಿ ಕಿಡ್‌ರಾಪ್ ಎಂಬ ಕೂಸುಗಳ ಕಣ್ಣು ತಪಾಸಣೆಯ ಕಾರ್ಯಕ್ರಮ ಶುರುಮಾಡಿತು. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸುಗಳ ಅಕ್ಷಿಪಟದಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ದೃಷ್ಟಿ ಹೋಗಬಹುದು. ಇದನ್ನು ಹುಟ್ಟಿದ 30 ದಿನದೊಳಗೆ ನೋಡಲೇಬೇಕು. ತರಬೇತಾದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಯ ಆಸ್ಪತ್ರೆಗಳಿಗೆ ಹೋಗುತ್ತಾರೆ, ಚಿತ್ರವನ್ನು ದೂರದಲ್ಲಿರುವ ವೈದ್ಯರು ನೋಡುತ್ತಾರೆ. ನಾನು ಹಲಗೆ ಹೊತ್ತು ತಿರುಗಿದಂತೆ ಅವರು ಕ್ಯಾಮೆರಾ ಹೊತ್ತು ತಿರುಗುತ್ತಾರೆ.

ಉಳಿದ ತೊಡಕು ನಮ್ಮ ವಠಾರಗಳದ್ದು. ಕೆಲಸದ ಷೆಡ್ ಬದಲಾದರೆ ಕುಟುಂಬ ಊರು ಬದಲಿಸುತ್ತದೆ, ಪಟ್ಟಿ ಅಂಟಿಸುವುದು ಅರ್ಧಕ್ಕೇ ನಿಲ್ಲುತ್ತದೆ. ಮೆಳ್ಳೆಗಣ್ಣು ಅದೃಷ್ಟವೆಂದು, ದೊಡ್ಡವನಾದ ಮೇಲೆ ತಾನೇ ಸರಿಹೋಗುತ್ತದೆಂದು ಕಾಯುವವರು ಇನ್ನೂ ಇದ್ದಾರೆ. ದಯವಿಟ್ಟು ಕಾಯಬೇಡಿ. ಕಣ್ಣ ಪಾಪೆಯಲ್ಲಿ ಬಿಳಿ ಹೊಳಪು ಕಂಡರೆ ಅಂದೇ ಕರೆದುಕೊಂಡು ಹೋಗಿ. ಏನೂ ಕಾಣದಿದ್ದರೂ ಶಾಲೆಗೆ ಸೇರಿಸುವ ಮೊದಲು ಒಮ್ಮೆ ತೋರಿಸಿ.

ಹೋದ ವರ್ಷ ತಂಗಿಯ ಮಗನಿಗೆ ಮಗಳು ಹುಟ್ಟಿದಳು. ಮೊನ್ನೆ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಎಣ್ಣೆಕಲೆ ಹೋಗದ ಅಂಗೈಯಿಂದ ಒಂದೊಂದೇ ಕಣ್ಣನ್ನು ಹಗುರವಾಗಿ ಮುಚ್ಚಿ, ಇನ್ನೊಂದು ಕೈಯಲ್ಲಿ ಗಿಲಕಿ ಆಡಿಸುತ್ತಿದ್ದ. ನಾನು ಹೇಳಿಕೊಟ್ಟಿರಲಿಲ್ಲ. ಬಲಗಣ್ಣು ಮುಚ್ಚಿದರೂ ಕೂಸು ಗಿಲಕಿಯ ಕಡೆಗೇ ನೋಡಿತು, ಎಡಗಣ್ಣು ಮುಚ್ಚಿದರೂ ನೋಡಿತು. ‘ದೊಡ್ಡಮ್ಮ, ಆದ್ರೂ ಒಂದ್ಸಲ ಡಾಕ್ಟ್ರಿಗೆ ತೋರಿಸೋಣ’ ಅಂದ. ಮರುದಿನ ಬೆಳಗ್ಗೆಯೇ ಹೊರಟೆವು.